ಒಂದೇ ಕೋವಿ, ಎರಡು ಗುಂಡು

ಬೆಳೆ ಮೇಯುವ ಜಿಂಕೆಗೂ ಕುರಿಮರಿಯನ್ನೊಯ್ಯುವ ನರಿಗೂ ಇಂಗ್ಲೆಂಡಿನ ರೈತನಿಗೆ ಒಂದೇ ಕೋವಿ ಸಾಕೆ? ಸಾಕು. 1955ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪೆನಿಯವರು .308 ತೋಟೆಯ ಕತ್ತನ್ನು ಕಿರಿದುಗೊಳಿಸಿ ಹೊರತಂದ .243 ತೋಟೆಯು ಎರಡಕ್ಕೂ ಒದಗುವುದು. 1991ರ ಜಿಂಕೆ ಕಾಯಿದೆಯಂತೆ ಅಲ್ಲಿಯ ಹೆಚ್ಚಿನ ಜಿಂಕೆಗಳಿಗೆ .240 ಅಂಗುಲಕ್ಕಿಂತ ಕಿರಿದಾದ ಕೋವಿ ಸಲ್ಲದು.

ಆದರೆ ತೋಟೆ ಒಂದೇ ಆದರೂ ಗುಂಡು ಒಂದಾಗಬಾರದು. ನರಿಗೆ ತಾಗಿದೊಡನೆ ಒಡೆಯುವ, 55 ಗ್ರೇನ್ ತೂಕದ ಹಗುರ ಗುಂಡು ಸರಿ. ಅದನ್ನೇ ಜಿಂಕೆಗೆ ಹೊಡೆದರೆ ಮೇಲ್ಮೈಯಲ್ಲಿಯೇ ಚೂರಾಗಬಹುದು. ಆಗ ಮೃಗವು ಗಾಯಗೊಂಡು ಓಡಿ ಪೊದೆಯಲ್ಲಿ ನರಳಿ ಸಾಯುವುದು. ಜಿಂಕೆಗೆ ಅರ್ಧ ತೊಲೆಗೆ ತುಸು ಮೇಲಾದ, ಎಂದರೆ 100 ಗ್ರೇನಿನ, ಒಳಹೊಕ್ಕು ಹರಡುವ ಗುಂಡು ಬೇಕು. ಕೊಲ್ಲಲೇಬೇಕಾದೆಡೆ ಬೇಗ ಕೊಲ್ಲುವುದೇ ದಯೆ; ಪೆಟ್ಟಿಗೆಯ ಮೇಲಿನ ತೂಕವನ್ನು ಓದಿಕೊಳ್ಳುವುದೇ ಅದರ ಮೊದಲ ಮೆಟ್ಟಲು.