ಚೀಟಿ ಎತ್ತಿ ಚಿಕಿತ್ಸೆ ಗೊತ್ತುಮಾಡುವುದೇಕೆ?

ತುಂಗಭದ್ರೆಯ ದಂಡೆಯ ಮೇಲಿರುವ ಐರಣಿಯ ರೈತನೊಬ್ಬನಿಗೆ, ಎರಡು ತಳಿಯ ಬೀಜಗಳಲ್ಲಿ ಯಾವುದು ಮೇಲೆಂಬುದನ್ನು ತಿಳಿಯುವ ಇಚ್ಛೆಯಾಯಿತೆಂದು ಭಾವಿಸೋಣ. ಅವನು ಒಂದನ್ನು ಹೊಳೆಯ ಕಡೆಯ ಎರೆಭೂಮಿಯಲ್ಲಿಯೂ ಇನ್ನೊಂದನ್ನು ದಿನ್ನೆಯ ಮಸಾರಿ ಭೂಮಿಯಲ್ಲಿಯೂ ಬಿತ್ತುತ್ತಾನೆ. ಸುಗ್ಗಿಯಲ್ಲಿ ಒಂದರ ಇಳುವರಿ ಹೆಚ್ಚಾಗಿ ಕಂಡರೆ ಅದು ಬೀಜದ ಗುಣವೋ ಮಣ್ಣಿನ ಗುಣವೋ? ಹೇಳಲು ಸಾಧ್ಯವಿಲ್ಲ. ಎರಡು ಕಾರಣಗಳು ಒಂದರೊಳಗೊಂದು ಬೆರೆತುಹೋಗಿವೆ.

ಈ ತೊಡಕನ್ನು ಬಿಡಿಸುವ ಮಾರ್ಗವನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ೧೯೨೦ರ ದಶಕದಲ್ಲಿ ತೋರಿಸಿಕೊಟ್ಟನು. ಹೊಲವನ್ನು ಅನೇಕ ಚಿಕ್ಕ ತುಂಡುಗಳಾಗಿ ವಿಭಾಗಿಸಬೇಕು. ಯಾವ ತುಂಡಿಗೆ ಯಾವ ಬೀಜವೆಂಬುದನ್ನು ನಮ್ಮ ಇಷ್ಟದಂತೆ ಗೊತ್ತುಮಾಡದೆ ಚೀಟಿ ಎತ್ತಿ ಗೊತ್ತುಮಾಡಬೇಕು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಪಕ್ಷಪಾತದ ಮಾತು ಬಾರದಿರಲೆಂದು ಚೀಟಿ ಎತ್ತುವುದುಂಟಷ್ಟೆ. ಇಲ್ಲಿಯೂ ಉದ್ದೇಶ ಅದೇ. ಆಗ ಎರೆ, ಮಸಾರಿ, ನೆರಳು, ಬಿಸಿಲು ಇವೆಲ್ಲವೂ ಎರಡು ಬೀಜಗಳಿಗೂ ಸ್ಥೂಲವಾಗಿ ಸಮನಾಗಿ ಹಂಚಿಹೋಗುತ್ತವೆ. ನಮಗೆ ಗೊತ್ತಿಲ್ಲದ ಕಾರಣಗಳು ಸಹ ಹಾಗೆಯೇ ಹಂಚಿಹೋಗುತ್ತವೆಂಬುದೇ ಈ ವಿಧಾನದ ಹೆಚ್ಚುಗಾರಿಕೆ. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿರುವಂಥ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ತಳಿಗಳನ್ನು ಹೋಲಿಸುವುದು ಈ ತತ್ತ್ವದ ಮೇಲೆಯೇ.

ಹೊಲದಲ್ಲಿ ಹುಟ್ಟಿದ ಈ ತತ್ತ್ವವು ಕೆಲವೇ ವರ್ಷಗಳಲ್ಲಿ ವೈದ್ಯಶಾಸ್ತ್ರವನ್ನು ಪ್ರವೇಶಿಸಿತು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಗುಣಕಾರಿಯೇ ಎಂಬುದನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಇದೇ ಕ್ರಮದಿಂದ ಪರೀಕ್ಷಿಸಿ ೧೯೪೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಅನಂತರ ಸ್ತನದ ಕ್ಯಾನ್ಸರಿನ ಚಿಕಿತ್ಸೆಯನ್ನು ಇದು ಬದಲಿಸಿದಷ್ಟು ಬೇರೆ ಕೆಲವೇ ರೋಗಗಳ ಚಿಕಿತ್ಸೆಯನ್ನು ಬದಲಿಸಿದ್ದೀತು.

ಸ್ತನದ ಕ್ಯಾನ್ಸರಿನ ಗಂಟು ಸ್ತನದಲ್ಲಿ ಮಾತ್ರ, ಅಥವಾ ಹೆಚ್ಚೆಂದರೆ ಕಂಕುಳಿನ ಕೆಲವು ದುಗ್ಧಗ್ರಂಥಿಗಳಲ್ಲಿ ಮಾತ್ರ ಇರುವ ಸ್ಥಿತಿಗೆ ಆರಂಭದ ಹಂತವೆಂದು ಹೆಸರು. ಈ ಹಂತದಲ್ಲಿ ರೋಗಿಯು ಪೂರ್ಣ ಗುಣಮುಖಳಾಗುವ ಸಂಭವ ಬಹಳ ಹೆಚ್ಚು. ಆದರೆ ಎಷ್ಟು ಭಾಗವನ್ನು ಕತ್ತರಿಸಬೇಕು? ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ೧೮೯೪ರಲ್ಲಿ ವಿವರಿಸಿದ ಕ್ರಮದಲ್ಲಿ ಸ್ತನವನ್ನೂ ಅದರಡಿಯ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಹೆಚ್ಚು ಕತ್ತರಿಸಿದಷ್ಟೂ ರೋಗ ನಿರ್ಮೂಲವಾಗುವುದೆಂಬುದು ಎಪ್ಪತ್ತು ವರ್ಷಗಳಿಗೂ ಮೀರಿ ವೈದ್ಯರ ನಂಬಿಕೆಯಾಗಿತ್ತು. ಲಕ್ಷಾಂತರ ಸ್ತ್ರೀಯರು ಅದರ ನೋವನ್ನೂ ಊನವನ್ನೂ ಅನುಭವಿಸಿದರು.

ಈ ನಂಬಿಕೆಯನ್ನು ವಾದದಿಂದ ಕದಲಿಸಲಾಗಲಿಲ್ಲ, ಎಣಿಕೆಯಿಂದ ಕದಲಿಸಬೇಕಾಯಿತು. ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿಯ ತಂಡವು ೧೯೭೩ರಿಂದ ೧೯೮೦ರವರೆಗೆ, ಚಿಕ್ಕ ಗಂಟುಗಳಿದ್ದ ೭೦೧ ಸ್ತ್ರೀಯರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಎರಡು ಗುಂಪುಗಳಾಗಿ ವಿಂಗಡಿಸಿತು. ಒಂದು ಗುಂಪಿಗೆ ಹಾಲ್‌ಸ್ಟೆಡ್ಡನ ಶಸ್ತ್ರಕ್ರಿಯೆ. ಇನ್ನೊಂದಕ್ಕೆ ಗಂಟಿರುವ ಕಾಲುಭಾಗವನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ. ಇಪ್ಪತ್ತು ವರ್ಷಗಳ ಮೇಲೆ ನೋಡಿದಾಗ ಬದುಕುಳಿದವರ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ಅಂತರವಿರಲಿಲ್ಲ. ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ ನಡೆಸಿದ ಪ್ರಯೋಗವು ಇನ್ನೊಂದು ಸಂಗತಿಯನ್ನೂ ತೋರಿಸಿತು. ಗಂಟನ್ನಷ್ಟೇ ತೆಗೆದು ಸುಮ್ಮನಿದ್ದವರಲ್ಲಿ ನೂರಕ್ಕೆ ೩೯ ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು. ವಿಕಿರಣವನ್ನೂ ಕೊಟ್ಟಾಗ ಈ ಸಂಖ್ಯೆ ೧೪ಕ್ಕೆ ಇಳಿಯಿತು. ಈ ಇಬ್ಬರ ಇಪ್ಪತ್ತು ವರ್ಷಗಳ ಫಲಿತಾಂಶಗಳೂ ೨೦೦೨ರಲ್ಲಿ ಪ್ರಕಟವಾದುವು. ಇಂದು ಸ್ತನವನ್ನು ಉಳಿಸಿಕೊಂಡು ಮನೆಗೆ ಮರಳುವ ಸ್ತ್ರೀಯರೆಲ್ಲರೂ ಆ ಪ್ರಯೋಗಗಳಲ್ಲಿ ಪಾಲ್ಗೊಂಡ ಸ್ತ್ರೀಯರಿಗೆ ಋಣಿಗಳು.

ಇಂಥ ಪ್ರಯೋಗಗಳು ನಮ್ಮ ದೇಶದಲ್ಲಿಯೂ ನಡೆದಿವೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ ಸರಳವಾದುದು. ಶಸ್ತ್ರಕ್ರಿಯೆಯ ಕಾಲದಲ್ಲಿ ಗಂಟು ಅಲುಗಾಡಿ ಕ್ಯಾನ್ಸರಿನ ಜೀವಕೋಶಗಳು ಕಳಚಿ ರಕ್ತಕ್ಕೆ ಸೇರಬಹುದಷ್ಟೆ, ಅದನ್ನು ತಡೆಯಲಾದೀತೇ? ಹಲ್ಲು ಕೀಳುವಾಗ ವಸಡನ್ನು ಮರಗಟ್ಟಿಸಲು ಬಳಸುವ ಲಿಡೊಕೇಯ್ನ್ ಎಂಬ ಔಷಧವು ನರಕೋಶದ ಪೊರೆಯಲ್ಲಿ ಸೋಡಿಯಂ ಅಯಾನುಗಳು ಹಾಯುವ ದ್ವಾರಗಳನ್ನು ಮುಚ್ಚುತ್ತದೆ. ಅಂಥ ದ್ವಾರಗಳು ಕ್ಯಾನ್ಸರಿನ ಕೋಶಗಳಲ್ಲಿಯೂ ಇರುವುದರಿಂದ, ಅವನ್ನು ಮುಚ್ಚಿದರೆ ಕೋಶಗಳ ಚಲನೆ ಕುಗ್ಗೀತೆಂಬುದು ಅವರ ಊಹೆ.

೨೦೧೧ರಿಂದ ೨೦೨೨ರವರೆಗೆ ಭಾರತದ ೧೧ ಕ್ಯಾನ್ಸರ್ ಕೇಂದ್ರಗಳಲ್ಲಿ, ಆರಂಭದ ಹಂತದ ೧,೬೦೦ ಸ್ತ್ರೀಯರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು. ಎಲ್ಲರಿಗೂ ವಾಡಿಕೆಯ ಶಸ್ತ್ರಕ್ರಿಯೆ, ಅನಂತರದ ವಾಡಿಕೆಯ ಚಿಕಿತ್ಸೆ. ಒಂದು ಗುಂಪಿಗೆ ಮಾತ್ರ ಶಸ್ತ್ರಕ್ರಿಯೆಗೆ ೭ರಿಂದ ೧೦ ನಿಮಿಷ ಮುಂಚೆ ಗಂಟಿನ ಸುತ್ತಲೂ ಲಿಡೊಕೇಯ್ನ್ ಚುಚ್ಚುಮದ್ದು. ಐದು ವರ್ಷಗಳ ಕೊನೆಗೆ, ರೋಗ ಮರುಕಳಿಸದೆ ಬದುಕಿದ್ದವರು ಚುಚ್ಚುಮದ್ದಿಲ್ಲದ ಗುಂಪಿನಲ್ಲಿ ನೂರಕ್ಕೆ ೮೨.೬, ಚುಚ್ಚುಮದ್ದು ಪಡೆದ ಗುಂಪಿನಲ್ಲಿ ೮೬.೬. ಒಟ್ಟು ಬದುಕುಳಿದವರ ಪ್ರಮಾಣ ಅನುಕ್ರಮವಾಗಿ ೮೬.೪ ಮತ್ತು ೯೦.೧. ಫಲಿತಾಂಶವು ೨೦೨೩ರಲ್ಲಿ ಅಚ್ಚಾಯಿತು.

ನೂರಕ್ಕೆ ನಾಲ್ಕರ ಈ ಅಂತರವು ಬರಿಯ ಆಕಸ್ಮಿಕವೇಕಾಗಿರಬಾರದು? ಸ್ವಲ್ಪ ಲೆಕ್ಕ ಹಾಕೋಣ. ಎರಡು ಚಿಕಿತ್ಸೆಗಳೂ ಸಮಾನವೆಂದೂ ಯಾವುದರಿಂದಲೇ ಆಗಲಿ ನೂರಕ್ಕೆ ೮೫ ಮಂದಿ ಆರೋಗ್ಯವಾಗಿರುವರೆಂದೂ ಇಟ್ಟುಕೊಳ್ಳಿ. ಒಂದೊಂದು ಗುಂಪಿನಲ್ಲಿ ೧೦೦ ಜನರಷ್ಟೇ ಇದ್ದರೆ, ಆಕಸ್ಮಿಕದಿಂದಲೇ ಗುಂಪುಗಳ ನಡುವೆ ನೂರಕ್ಕೆ ಐದರಷ್ಟು ವ್ಯತ್ಯಾಸ ತೋರುವುದು ಸಾಮಾನ್ಯ. ಅದರಲ್ಲಿ ನಿಜವಾದ ನಾಲ್ಕು ಮುಳುಗಿಹೋಗುತ್ತದೆ. ಈ ಏರುಪೇರು ಜನಸಂಖ್ಯೆಯ ವರ್ಗಮೂಲಕ್ಕೆ ವಿಲೋಮ ಪ್ರಮಾಣದಲ್ಲಿ ಕುಗ್ಗುತ್ತದೆ. ಗುಂಪಿಗೆ ೮೦೦ ಜನರಾದರೆ ಅದು ೧.೮ಕ್ಕೆ ಇಳಿಯುತ್ತದೆ. ಕಂಡುಬಂದ ನಾಲ್ಕು ಇದರ ಎರಡು ಪಟ್ಟಿಗೂ ಮಿಗಿಲು; ಇಂಥದು ಆಕಸ್ಮಿಕವಾಗಿ ಒದಗುವುದು ನೂರಕ್ಕೆ ಐದು ಸಲಕ್ಕಿಂತಲೂ ಕಡಿಮೆ. ಪ್ರಯೋಗಕ್ಕೆ ಸಾವಿರಾರು ಜನರೂ ಹತ್ತಾರು ವರ್ಷಗಳೂ ಬೇಕಾಗುವುದು ಈ ಕಾರಣದಿಂದಲೇ. ಆದರೂ ಒಂದೇ ಪ್ರಯೋಗ ಕೊನೆಯ ಮಾತಲ್ಲ. ಇಲ್ಲಿ ಯಾರಿಗೆ ಚುಚ್ಚುಮದ್ದು ಸಂದಿದೆಯೆಂಬುದು ಶಸ್ತ್ರವೈದ್ಯರಿಗೆ ತಿಳಿದಿತ್ತು. ಅನ್ಯರೂ ಇದನ್ನು ಪರೀಕ್ಷಿಸಿ ಅದೇ ಫಲವನ್ನು ಕಂಡರೆ ನಂಬಿಕೆ ಬಲವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಹೊಲದ ತುಂಡಿಗೆ ನೋವಿಲ್ಲ, ಮಕ್ಕಳಿಲ್ಲ. ರೋಗಿಗೆ ಇವೆರಡೂ ಉಂಟು. ತಾಯಿಯೊಬ್ಬಳ ಚಿಕಿತ್ಸೆಯನ್ನು ಚೀಟಿಯ ಮೇಲೆ ಬಿಡುವುದು ನ್ಯಾಯವೇ? ಎರಡರಲ್ಲಿ ಯಾವುದು ಮೇಲೆಂಬುದು ವೈದ್ಯನಿಗೆ ಖಚಿತವಾಗಿ ಗೊತ್ತಿದ್ದರೆ ಖಂಡಿತವಾಗಿಯೂ ಅನ್ಯಾಯ. ಗೊತ್ತಿಲ್ಲದಿರುವಾಗ ಮಾತ್ರ ಪ್ರಯೋಗಕ್ಕೆ ಅವಕಾಶವುಂಟು. ಹೋಲಿಕೆಯ ಗುಂಪಿನವರನ್ನು ಚಿಕಿತ್ಸೆಯಿಲ್ಲದೆ ಬಿಡತಕ್ಕದ್ದಲ್ಲ. ಆ ಕಾಲಕ್ಕೆ ಉತ್ತಮವೆಂದು ಸಿದ್ಧವಾದ ಚಿಕಿತ್ಸೆ ಅವರಿಗೆ ಸಲ್ಲಲೇಬೇಕು. ರೋಗಿಗೆ ಅವಳ ಭಾಷೆಯಲ್ಲಿಯೇ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿದವಳು ಯಾವಾಗ ಬೇಕಾದರೂ ಹಿಂದೆಗೆಯಬಹುದು. ಅದರಿಂದ ಅವಳ ಚಿಕಿತ್ಸೆಗೆ ಕುಂದು ಬರಕೂಡದು. ನೀತಿ ಸಮಿತಿಯ ಅನುಮತಿಯಿಲ್ಲದೆ ಪ್ರಯೋಗವನ್ನು ಆರಂಭಿಸುವಂತಿಲ್ಲ. ೨೦೦೯ರಿಂದ ಭಾರತದಲ್ಲಿ ಇಂಥ ಪ್ರಯೋಗಗಳನ್ನು ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ಹಿತವಲ್ಲದ ಫಲಿತಾಂಶವನ್ನು ಯಾರೂ ಬಚ್ಚಿಡಬಾರದೆಂಬುದು ಇದರ ಒಂದು ಉದ್ದೇಶ.

ಆದರೆ ಆರಂಭದ ಹಂತದ ಚಿಕಿತ್ಸೆ ಎಷ್ಟು ಉತ್ತಮಗೊಂಡರೇನು, ರೋಗಿಯು ಆ ಹಂತದಲ್ಲಿ ಬಂದರಲ್ಲವೇ ಪ್ರಯೋಜನ? ಈ ಗಂಟು ಮೊದಲಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂದು ಉದಾಸೀನದಿಂದಲೋ, ಹೇಳಿಕೊಳ್ಳಲು ನಾಚಿಕೆಯಿಂದಲೋ, ಸುಗ್ಗಿ ಮುಗಿಯಲೆಂದೋ ದಿನ ದೂಡುವವರು ನಮ್ಮ ಹಳ್ಳಿಗಳಲ್ಲಿ ಅನೇಕರು. ಹಾವೇರಿ ಜಿಲ್ಲೆಯವರಿಗೆ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯು ದೂರವೇನಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ವಿದ್ಯಾರ್ಥಿಗಳು ತಮ್ಮ ಮನೆಯ ತಾಯಿ, ಅಕ್ಕ, ಅತ್ತೆಯರಿಗೆ ಈ ಒಂದು ಮಾತನ್ನು ಸಂಕೋಚವಿಲ್ಲದೆ ತಿಳಿಸಲಿ: ನೋವಿಲ್ಲದ ಗಂಟನ್ನೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.