ಗೋಡೆ ದಾಟಿ ಅಂಗಳಕ್ಕೆ ದೀಪ



ರಾತ್ರಿ ಹಸು ಕರು ಹಾಕುವಾಗ, ಕಣದಲ್ಲಿ ರಾಶಿ ಕಾಯುವಾಗ ಮನೆಯ ಹೊರಗೊಂದು ದೀಪ ಬೇಕೇ ಬೇಕು. ಅದಕ್ಕಾಗಿ ಕೆಲವರು ಕಿಟಕಿಯ ಸಂದಿಯಿಂದ ವೈರು ಎಳೆದುಬಿಡುತ್ತಾರೆ. ಕದ ಉಜ್ಜಿ ಉಜ್ಜಿ ವೈರಿನ ಮೇಲುಹೊದಿಕೆ ಸವೆಯುತ್ತದೆ. ಆಮೇಲೆ ಕಿಟಕಿಯ ಸರಳಿಗೋ ಬಟ್ಟೆ ಒಣಹಾಕುವ ತಂತಿಗೋ ಕರೆಂಟು ಹರಿದರೆ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಗತಿಯೇನು? ನಾಲ್ಕು ಕಾಲೂರಿ ನಿಂತ ದನಗಳಿಗಂತೂ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಗೋಡೆಯಲ್ಲಿ ತೂತು ಕೊರೆದು, ಪೈಪಿನೊಳಗೆ ವೈರು ಒಯ್ಯುವುದೇ ಸರಿಯಾದ ಕ್ರಮ.

ಮೊದಲು ಉರಿಯುವ ಕಡೆ ಟೆಸ್ಟರು ಇಟ್ಟು ಅದು ಸರಿಯಿದೆಯೇ ನೋಡಿ. ಬಳಿಕ ಮೇನ್ ಸ್ವಿಚ್ಚು ಆರಿಸಿ, ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಸ್ವಿಚ್ಚಿನ ನೇರಕ್ಕೆ ಮೇಲೆ, ಕೆಳಗೆ, ಪಕ್ಕದಲ್ಲಿ ವೈರು ಹುದುಗಿರಬಹುದು. ಅಲ್ಲಿ ಉಳಿ ಇಡಬೇಡಿ. ಕಲ್ಲುಗೋಡೆಯಾದರೆ ಕಲ್ಲಿಗೆ ಹೊಡೆಯದೆ ಸಂದಿನ ಗಾರೆಯನ್ನು ಬಿಡಿಸಿ.

ಈಗ ಮುಖ್ಯವಾದ ಮಾತು. ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಬೇಕು. ಒಂದಡಿ ದಪ್ಪದ ಗೋಡೆಗೆ ಹೊರಬಾಯಿ ಅರ್ಧ ಅಂಗುಲ ತಗ್ಗಿದ್ದರೆ ಸಾಕು. ಒಳಕ್ಕೆ ವಾಲಿದರೆ ಮಳೆನೀರು ವೈರನ್ನೇ ಹಿಡಿದು ಸ್ವಿಚ್ಚಿನವರೆಗೂ ಬಂದೀತು. ತೂತಿಗೆ 20 ಮಿಲಿಮೀಟರಿನ ಪಿ.ವಿ.ಸಿ. ಪೈಪು ಕೂರಿಸಿ, ಸುತ್ತಲೂ ಸಿಮೆಂಟು ಗಾರೆ ಮೆತ್ತಿ. ಹೊರಗೆ ಬಂದ ವೈರು ಮೊದಲು ಕೆಳಕ್ಕೆ ಬಾಗಿ, ಆಮೇಲೆ ದೀಪಕ್ಕೆ ಏರಲಿ. ನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ. ಪೈಪಿನ ಬಾಯಿಗೆ ಮೆತ್ತು ತುಂಬಿದರೆ ಇರುವೆ, ಕಣಜ, ಹಲ್ಲಿ ಸೇರುವುದಿಲ್ಲ. ಗೋಡೆಯೊಳಗೆ ಮಾತ್ರ ವೈರಿಗೆ ಜೋಡಣೆ ಬೇಡವೇ ಬೇಡ.

ಎರಡೆಳೆ ಸಾಲದು, ಮೂರೆಳೆಯ ತಾಮ್ರದ ವೈರೇ ಬೇಕು, 1.5 ಚದರ ಮಿಲಿಮೀಟರಿನದು ದೀಪಕ್ಕೆ ಸಾಕು. ಮೂರನೆಯದು ಅರ್ತಿಂಗಿಗೆ. ದೀಪದ ಬುರುಡೆಯೂ ಹೋಲ್ಡರೂ ಮಳೆ ತಡೆಯುವಂಥವಾಗಿರಲಿ. 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಕರೆಂಟು ನೆಲಕ್ಕೆ ಸೋರಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಫ್ಯೂಜು ಈ ಕೆಲಸ ಮಾಡದು. ಪ್ರಾಣ ತೆಗೆಯುವಷ್ಟು ಸೋರಿಕೆಗೂ ಅದು ಕರಗದೆ ಇರಬಹುದು.

ತೂತು ಕೊರೆಯುವುದು, ಗಾರೆ ಮೆತ್ತುವುದು ನಿಮ್ಮ ಕೈಯಲ್ಲೇ ಆಗುವ ಕೆಲಸ. 230 ವೋಲ್ಟಿನ ಜೋಡಣೆಯನ್ನು ಲೈಸೆನ್ಸುಳ್ಳ ವೈರ್‌ಮನ್ನಿನಿಂದಲೇ ಮಾಡಿಸಿ. ಮುಂಗಾರು ಹನಿಯುವ ಮೊದಲೇ ಮುಗಿಸಿಬಿಡಿ.