ಕಾರ್ ಶೆಡ್ಡಿನಲ್ಲೊಂದು ಯೆಜ್ಡಿ

ಶುಕ್ರವಾರ ಬೆಳಗ್ಗೆ ನಮ್ಮನ್ನು ಹುಡುಕುವವರು ಮನೆಗೆ ಫೋನು ಮಾಡಿ ಪ್ರಯೋಜನವಿಲ್ಲ. ಉಪ್ಪಿಟ್ಟು ಮುಗಿಸಿ ನಾವು ನಾಲ್ವರು ದೋಹಾದ ಮಿತ್ರರೊಬ್ಬರ ಕಾರ್ ಶೆಡ್ಡಿನಲ್ಲಿ ಸೇರಿರುತ್ತೇವೆ. ಅಲ್ಲಿ ಹಳೆಯ ಚಾಪೆಯ ಮೇಲೆ 1979ರ ಯೆಜ್ಡಿಯೊಂದು ಬಿಡಿಬಿಡಿಯಾಗಿ ಮಲಗಿದೆ. ಪೂರ್ತಿ ಗಾಡಿಯಲ್ಲವೆನ್ನಿ. ಎಂಜಿನ್ನು, ಚಾಸಿಸ್ಸು, ಪೆಟ್ರೋಲ್ ಟ್ಯಾಂಕು ಮೈಸೂರಿನಲ್ಲೇ ಇವೆ. ಹೆಡ್‌ಲೈಟಿನ ಬುರುಡೆ, ಹ್ಯಾಂಡಲ್ಲು, ಟೂಲ್ ಬಾಕ್ಸಿನ ಮುಚ್ಚಳಗಳು ಮಾತ್ರ ಹಪ್ಪಳ ಸಂಡಿಗೆಯ ಜೊತೆ ಸೂಟ್‌ಕೇಸಿನಲ್ಲಿ ಬಂದವು.

ಇಲ್ಲೇ ಬೆಳೆದ ಮಕ್ಕಳಿಗಾಗಿ ಎರಡು ಮಾತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಪರವಾನಗಿಯ ಮೇಲೆ ಜಾವಾ ತಯಾರಾಯಿತು. 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂತು. 248.5 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್ನು, ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಅದೇ ಕಿಕ್ಕರ್! 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಪೇಟೆಗೆ ಬಂದವು. ಅವು ಫೋರ್-ಸ್ಟ್ರೋಕ್, ಆ ಹಳೆಯ ಸದ್ದು ಅವಕ್ಕಿಲ್ಲ.

ಮಿತ್ರರ ತಂದೆ ಆ ಕಾರ್ಖಾನೆಯಲ್ಲೇ ಫಿಟ್ಟರ್ ಆಗಿದ್ದವರು. ಅದು ಮುಚ್ಚಿದ ವರ್ಷವೇ ತಮ್ಮ ಗಾಡಿಗೂ ಗೋಣಿತಾಟು ಹೊದಿಸಿದರು, ಮತ್ತೆ ತೆಗೆಯಲಿಲ್ಲ. ಈಗ ವಯಸ್ಸು ಎಂಬತ್ತು ದಾಟಿದೆ, ದೃಷ್ಟಿ ಹೋಗಿದೆ. "ಗುಜರಿಗೆ ಹಾಕಿಬಿಡಿ" ಅಂದಿದ್ದರು. ಮೊಮ್ಮಗ ಕೇಳಲಿಲ್ಲ.

ಮೊಮ್ಮಗನ ಮನಸ್ಸಿನಲ್ಲಿದ್ದದ್ದೇ ಬೇರೆ. ಚಾಸಿಸ್ಸಿನ ಹಿಂಭಾಗ ಕತ್ತರಿಸಿ ಸೀಟು ತಗ್ಗಿಸಬೇಕಂತೆ! ನಮ್ಮಲ್ಲಿ ಎರಡು ಪಕ್ಷವಾಯಿತು; ಒಂದು ಶುಕ್ರವಾರ ಟೀ ಕುಡಿಯದೆ ಎದ್ದು ಹೋದವರೂ ಉಂಟು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆಯಲ್ಲ ಎಂದು ಒಬ್ಬರ ವಾದ. ಕಡೆಗೆ ತಾತನನ್ನೇ ಕೇಳಿದೆವು. "ಬೋಲ್ಟ್ ಬಿಚ್ಚೋದೆಲ್ಲ ನಿನ್ನಿಷ್ಟ ಮರಿ. ವೆಲ್ಡಿಂಗ್ ಮಾಡಿರೋದನ್ನ ಮುಟ್ಟಬೇಡ" ಅಂದರು. ಹೀಗಾಗಿ ಹ್ಯಾಂಡಲ್ಲು ಬದಲಾಗುತ್ತದೆ, ಚಾಸಿಸ್ಸು ಉಳಿಯುತ್ತದೆ.

ಇಲ್ಲಿ ಪೇಂಟು ಹೊಡೆಯುವುದೇ ದೊಡ್ಡ ಪಾಡು. ಬೇಸಿಗೆಯಲ್ಲಿ ಗನ್ನಿನಿಂದ ಹೊರಟ ಪೇಂಟು ತಗಡಿಗೆ ತಾಗುವ ಮೊದಲೇ ಅರ್ಧ ಒಣಗಿ ತರಿತರಿಯಾಗುತ್ತದೆ. ಶಮಾಲ್ ಗಾಳಿ ಬೀಸಿದರೆ ಮರಳೂ ಬಂದು ಕೂರುತ್ತದೆ. ಮೂರು ಬಾರಿ ಉಜ್ಜಿ ತೆಗೆದೆವು. ಡಿಸೆಂಬರಿನಲ್ಲಿ ನೆಲಕ್ಕೆ ನೀರು ಚಿಮುಕಿಸಿ, ಶೆಡ್ಡಿನ ಬಾಯಿಗೆ ಹಳೆಯ ಸೀರೆ ಕಟ್ಟಿ ಹೊಡೆದಾಗ ಮೆರೂನ್ ಬಣ್ಣ ಕನ್ನಡಿಯಂತೆ ಕೂತಿತು. (ಸೀರೆ ಹಳೆಯದಲ್ಲವೆಂದು ಆಮೇಲೆ ತಿಳಿಯಿತು.)

ಕಳೆದ ಜುಲೈ ರಜೆಯಲ್ಲಿ ಮೈಸೂರಿನ ಹಿತ್ತಲಲ್ಲಿ ಎಂಜಿನ್ನು ಸ್ಟಾರ್ಟ್ ಮಾಡಿದಾಗ ನಮ್ಮಲ್ಲಿ ಇಬ್ಬರು ಅಲ್ಲಿದ್ದೆವು. ತಾತ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಹೊಗೆ ಯಾವ ಬಣ್ಣ?"

"ಬಿಳಿ, ತಾತ. ನಿಲ್ತಾನೇ ಇಲ್ಲ."

"ಗೇರ್ ಆಯಿಲ್ ಸುಡ್ತಿದೆ. ಕ್ಲಚ್ ಕಡೆ ಸೀಲ್ ಹೋಗಿದೆ, ಆಫ್ ಮಾಡು."

ಬಿಚ್ಚಿದರೆ ಹಾಗೆಯೇ! ಹೆಚ್ಚು ಕಡಿಮೆ ಮೂವತ್ತು ವರ್ಷ ಕೂತ ರಬ್ಬರ್ ಸೀಲು ಕಲ್ಲಾಗಿತ್ತು. ಎಣ್ಣೆ ನೇರ ಕ್ರ್ಯಾಂಕ್ ಕೇಸಿನೊಳಕ್ಕೆ ಹೋಗುತ್ತಿತ್ತು. ತಮ್ಮ ಹಳೆಯ ಸ್ಪ್ಯಾನರ್ ಡಬ್ಬಿ ಎಲ್ಲಿದೆ ಎಂದು ಆ ಸಂಜೆ ತಾತ ತಾವಾಗಿಯೇ ಕೇಳಿದರು.

ಹೊಸ ಸೀಲು ಸಿಕ್ಕಿದೆ. ಈ ಜುಲೈಗೆ ಹಾಕಬೇಕು. ಅದಕ್ಕೆ ಮೊದಲು ಊರಿಗೆ ಹೊರಟ ಸದಸ್ಯರು ಟೂಲ್ ಬಾಕ್ಸಿನ ಎರಡು ಮುಚ್ಚಳಗಳಿಗೆ ಪೆಟ್ಟಿಗೆಯಲ್ಲಿ ಜಾಗ ಉಳಿಸಿದರೆ ಉಪಕಾರವಾದೀತು. ತೂಕ ಹೆಚ್ಚಿಲ್ಲ. ಗೀರು ಬೀಳದಂತೆ ಟವೆಲಿನಲ್ಲಿ ಸುತ್ತಿ ಕೊಡುತ್ತೇವೆ.